ಅಯ್ಯನವರ ಗಾಡಿಯ ಗುಪ್ತ ವಾಲ್ವು

ಮನೆಗೆ ಬಂದ ಷಡ್ಡಕ ಚಹಾ ಕುಡಿದು, ಚುಡುವಾ ತಿಂದು, ಸುಮ್ಮನೆ ತನ್ನ ಊರು ಸೇಡಮ್ಮಿಗೆ ಹೋಗಬೇಕು. ಅದು ಬಿಟ್ಟು ಅಂಗಳದಲ್ಲಿ ನಿಂತ ಕಾರಿನ ಬೆನ್ನು ಯಾಕೆ ಕೆರೆಯಬೇಕು? ಚಿತ್ತಾಪುರದ ತಾಲ್ಲೂಕು ಕಚೇರಿಯ ಗುಮಾಸ್ತ ಗುರುಲಿಂಗಯ್ಯನವರಿಗೆ ಈ ಪ್ರಶ್ನೆಗೆ ಇವತ್ತಿಗೂ ಉತ್ತರ ಸಿಕ್ಕಿಲ್ಲ.

ಅದು 2008ನೇ ಇಸವಿ. ಅಯ್ಯನವರ ಸಣ್ಣ ಕಾರು ಮೂರು ವರ್ಷದ ಹಿಂದೆ ಹೈದರಾಬಾದಿನಲ್ಲಿ ಕೊಂಡ ಹಳೇ ಗಾಡಿ. ಹಿಂಭಾಗದಲ್ಲಿ ವಿ.ವಿ.ಟಿ. ಎಂಬ ಮೂರು ಬೆಳ್ಳಿಬಣ್ಣದ ಅಕ್ಷರಗಳಿದ್ದವು. ಎಂಜಿನ್ನಿಗೆ ಉಸಿರಾಡಲು ಇರುವ ಬಾಗಿಲುಗಳೇ ವಾಲ್ವುಗಳು. ವಿ.ವಿ.ಟಿ. ಇದ್ದರೆ ಅವು ವೇಗಕ್ಕೆ ತಕ್ಕಂತೆ ತೆರೆದು ಮುಚ್ಚುವ ವೇಳೆಯನ್ನು ಬದಲಿಸಿಕೊಳ್ಳುತ್ತವೆ ಎಂದು ದಲ್ಲಾಳಿ ಹೇಳಿದ್ದ. ಅಯ್ಯನವರಿಗೆ ಇದರಲ್ಲಿ ಅರ್ಧ ಅರ್ಥವಾಗಿತ್ತು. ಉಳಿದರ್ಧ ಕಚೇರಿಯಲ್ಲಿ ಎಲ್ಲರಿಗೂ ಹೇಳಿ ಹೇಳಿ ಬಾಯಿಪಾಠವಾಗಿತ್ತು.

ಷಡ್ಡಕ ಶರಣಕುಮಾರ ಅಯ್ಯನವರ ನಾದಿನಿಯ ಗಂಡ. ಸಿಮೆಂಟ್ ಕಾರ್ಖಾನೆಯ ನೌಕರ. ಆದ್ದರಿಂದ ತಾನು ಪಾನಾ, ಸ್ಕ್ರೂಡ್ರೈವರ್ ಹಿಡಿದೇ ಹುಟ್ಟಿದವನೆಂದು ಅವನ ನಂಬಿಕೆ. ಅವನು ಉಗುರಿನಿಂದ ಕೆರೆದದ್ದೇ ತಡ, ಮೊದಲನೆಯ ಅಕ್ಷರ ಸಿಪ್ಪೆ ಸುಲಿದಂತೆ ಎದ್ದು ಬಂತು.

"ಅಣ್ಣಾರ, ಇದು ಸ್ಟಿಕ್ಕರ್ ಅದರೀ! ಹೈದರಾಬಾದ್ನಾಗ ಗಾಡಿ ಗಾಡಿಗೂ ಹಚ್ಚಿ ಮಾರ್ತಾರ. ಈ ಹಳೇ ಡಬ್ಬಿದಾಗ ಎಲ್ಲೀದು ವಾಲ್ವ್ ಟೈಮಿಂಗ್?"

"ಅಕ್ಷರಾ ಕಿತ್ತು ಬಂದ್ರ ಏನಾತೋ? ನಿನ್ನ ಹಣಿಮ್ಯಾಗಿನ ವಿಭೂತಿ ಅಳಿಸಿದ್ರ ನೀ ಲಿಂಗವಂತ ಅಲ್ಲೇನು?"

ಮಾತು ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಬಾಗಿಲಲ್ಲಿ ಅಯ್ಯನವರ ಹೆಂಡತಿ ರಾಜೇಶ್ವರಿ ನಿಂತಿದ್ದಳು. ಆಕೆ ಕಾಳಗಿಯ ಕಡೆ ಒಂದು ಶಾಲೆಯ ಟೀಚರು. ಬೇಸಿಗೆ ರಜೆಯಲ್ಲಿ ತವರಿಗೆ ಹೋದಾಗ ಡ್ರೈವಿಂಗ್ ಕಲಿತು, ಲೈಸೆನ್ಸ್ ತೆಗೆಸಿ ಎರಡು ವರ್ಷವಾಗಿತ್ತು. ಆದರೂ ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಜೋತು ಬಿದ್ದೇ ಹೋಗಬೇಕು. ಕಾರು ಮಾತ್ರ ಸಂಜೆತನಕ ಕಚೇರಿಯ ಬೇವಿನ ಮರದ ನೆರಳಲ್ಲಿ ತಂಪಾಗಿ ನಿಂತಿರಬೇಕು. ಚಾವಿ ಕೇಳಿದಾಗಲೆಲ್ಲ ಗಂಡನದು ಒಂದೇ ಉತ್ತರ: "ಇದು ಸಾದಾ ಗಾಡಿ ಅಲ್ಲ, ವಿ.ವಿ.ಟಿ. ಅದ. ಹೆಣ್ಮಕ್ಕಳ ಕೈಗೆ ಬಗ್ಗಂಗಿಲ್ಲ."

"ಹಂಗಾರ ಅದು ಇಲ್ಲ ಅಂತಾದ್ರ ಚಾವಿ ನನಗ," ಎಂದಳು ರಾಜೇಶ್ವರಿ, ಸೊಂಟಕ್ಕೆ ಸೆರಗು ಸಿಕ್ಕಿಸಿ.

"ಕೊಟ್ಟೆ! ಮತ್ತ ಇದ್ರ?"

"ಇದ್ರ ಈ ಜನ್ಮದಾಗ ಚಾವಿ ಕೇಳಂಗಿಲ್ಲ. ಶರಣಕುಮಾರ, ನೀವs ಸಾಕ್ಷಿ."

ದಂಡು ಪಕ್ಕದ ವಾಡಿ ಊರಿಗೆ ಹೊರಟಿತು. ಅಲ್ಲಿ ಅಬ್ದುಲ್ ಮಜೀದ ಎಂಬ ಗಾಡಿ ರಿಪೇರಿ ಮೇಸ್ತ್ರಿ. ಎಂಜಿನ್ನಿನ ಕೆಮ್ಮು ಕೇಳಿಯೇ ರೋಗ ಹೇಳುವವನು. ಅಯ್ಯನವರು ಎಂದಿನಂತೆ ನಲವತ್ತರ ವೇಗ ದಾಟಲಿಲ್ಲ. (ದಾಟಿದರೆ ಗಾಡಿ ಬಿಸಿಯಾಗುತ್ತದೆ ಎಂಬುದು ಅವರ ವಾದ, ಅವರ ಅಂಗೈ ಬೆವರುತ್ತದೆ ಎಂಬುದು ರಾಜೇಶ್ವರಿಯ ವಾದ.) ನೆಲಹಾಸಿನ ಪರಸಿ ಕಲ್ಲು ಹೇರಿದ ಟ್ರ್ಯಾಕ್ಟರೊಂದು ಹಾರ್ನ್ ಬಾರಿಸುತ್ತ ಅವರನ್ನು ಹಿಂದೆ ಹಾಕಿ ಹೋಯಿತು.

ಮಜೀದ ಬಾನೆಟ್ ಎತ್ತಿದವನು ಹಾಗೇ ನಿಂತ. ಒಳಗೆ ಎಲ್ಲಿ ನೋಡಿದರೂ ವಿಭೂತಿ, ಕುಂಕುಮ, ಒಣಗಿದ ಚೆಂಡು ಹೂವು.

"ಅಯ್ನೋರ, ಇದರಾಗ ಎಂಜಿನ್ ಎಲ್ಲದರೀ?"

"ಸೋಮವಾರಕ್ಕೊಮ್ಮೆ ಪೂಜಾ ತಪ್ಪಿಸಿಲ್ಲ ನಾ!"

"ವಿ.ವಿ.ಟಿ. ಇದ್ರ ಎಂಜಿನ್ ತಲೀ ಭಾಗದಾಗ, ಈ ಮೂಲ್ಯಾಗ, ಹೆಬ್ಬೆಟ್ಟಿನಷ್ಟು ಗುಂಡಂದು ಒಂದು ಸಾಮಾನು ಇರಬೇಕು. ಅದಕ್ಕ ಎರಡು ವೈರ್ ಬಂದಿರಬೇಕು. ಈ ಎಂಜಿನ್ನಿಗೆ ಅದs ಗುರ್ತು. ಗಾಡಿ ಹಿಂದಿನ ಅಕ್ಷರಾ ನಾ ಓದಂಗಿಲ್ಲ."

ರಾಜೇಶ್ವರಿ ತಾನೇ ಅರಿವೆ ತೆಗೆದುಕೊಂಡು ಒರೆಸಿದಳು. ಎಲ್ಲಕ್ಕಿಂತ ದಪ್ಪ ವಿಭೂತಿಯ ಕೆಳಗೆ ಆ ಗುಂಡನೆಯ ಸಾಮಾನು ಎರಡು ವೈರಿನ ಸಮೇತ ಪ್ರತ್ಯಕ್ಷವಾಯಿತು.

"ನೋಡ್ರಿ! ನೋಡ್ರಿ! ಏನಂದಿದ್ದೆ ನಾ?" ಅಯ್ಯನವರ ಕೂಗಿಗೆ ಪಕ್ಕದ ಅಂಗಡಿಯವರೂ ಇಣುಕಿದರು.

"ಇದ್ರ ಸಾಲದ್ರಿ, ಜೀವಾನೂ ಇರಬೇಕು," ಎಂದು ಶರಣಕುಮಾರ ತಕರಾರು ತೆಗೆದ.

ಮಜೀದ ಅದಕ್ಕೂ ಪರೀಕ್ಷೆ ಹೇಳಿದ. ಎಂಜಿನ್ ನಿಂತಲ್ಲೇ ಓಡುತ್ತಿರುವಾಗ ಬ್ಯಾಟರಿಯಿಂದ ಇದಕ್ಕೆ ನೇರ ಕರೆಂಟು ಕೊಟ್ಟರೆ ವಾಲ್ವುಗಳ ವೇಳೆ ತಪ್ಪಿ ಎಂಜಿನ್ ತಡಬಡಿಸಿ ನಿಲ್ಲಬೇಕು. ನಿಂತರೆ ಜೀವವಿದೆ ಎಂದರ್ಥ. ಕರೆಂಟು ಕೊಟ್ಟ. ಎಂಜಿನ್ ತನಗೇನೂ ಸಂಬಂಧವಿಲ್ಲವೆಂಬಂತೆ ಗುರುಗುಡುತ್ತಲೇ ಇತ್ತು. ರಾಜೇಶ್ವರಿ ಗಂಡನ ಮುಂದೆ ಅಂಗೈ ಚಾಚಿದಳು.

"ತಡೀರಿ ಮೇಡಂ," ಎಂದ ಮಜೀದ. "ಅಯ್ನೋರ, ಎಂಜಿನ್ ಎಣ್ಣಿ ಯಾವಾಗ ಬದಲಿ ಮಾಡಿಸೀರಿ?"

"ಖಾಲಿನೇ ಆಗಿಲ್ಲ, ಬದಲಿ ಯಾಕ ಮಾಡಸ್ಲಿ?"

ಮಜೀದ ಹಣೆ ಬಡಿದುಕೊಂಡ. ಆ ಸಾಮಾನು ಎಣ್ಣೆಯ ಒತ್ತಡದಿಂದಲೇ ಕೆಲಸ ಮಾಡುವಂಥದ್ದು. ಕೆಳಗಿನ ಬೋಲ್ಟ್ ಬಿಚ್ಚಿದರೆ ಎಣ್ಣೆಯ ಬದಲು ಡಾಂಬರು ಇಳಿಯಿತು. ಎಣ್ಣೆ ಸೋಸುವ ಜಾಳಿಗೆ ತೊಳೆದು, ಹೊಸ ಎಣ್ಣೆ ತುಂಬಿ, ಮತ್ತೆ ಕರೆಂಟು ಕೊಟ್ಟದ್ದೇ ತಡ, ಎಂಜಿನ್ ಕೆಮ್ಮಿತು, ನಡುಗಿತು, ಸುಮ್ಮನಾಯಿತು.

"ಬಂದ್ ಬಿತ್ತು! ಬಂದ್ ಬಿತ್ತು!" ಅಯ್ಯನವರು ಧೋತರ ಎತ್ತಿ ಹಿಡಿದು ಕುಣಿದರು. ಗಾಡಿ ಬಂದ್ ಬಿದ್ದದ್ದಕ್ಕೆ ಕುಣಿಯುವ ಮಾಲೀಕನನ್ನು ವಾಡಿಯ ಜನ ಕಂಡಿರಲಿಲ್ಲ.

ರಾಜೇಶ್ವರಿಯ ಮುಖ ಸಣ್ಣದಾಯಿತು. ಎರಡು ವರ್ಷದ ಆಸೆ, ಕಣ್ಣ ಮುಂದೆಯೇ ಕೈ ತಪ್ಪಿಹೋಗಿತ್ತು. ಆದರೆ ಗಂಡನ ಎದುರು ಕಣ್ಣೀರು ಹಾಕುವ ಜಾತಿಯಲ್ಲ ಆಕೆ.

"ಮಾತು ಅಂದ್ರ ಮಾತು. ಇನ್ನ ನಾ ಚಾವಿ ಕೇಳಂಗಿಲ್ಲ," ಎಂದು ಹಿಂದಿನ ಸೀಟಿನಲ್ಲಿ ಕುಳಿತಳು.

"ಇನ್ನೊಂದು ಕೆಲಸ ಬಾಕಿ ಅದರಿ," ಎಂದ ಮಜೀದ. "ಮೇಲಿಂದ ಮೇಲೆ ಎಂಜಿನ್ ಜೋರಾಗಿ ಎಳೀಬೇಕು. ನಲವತ್ತರಾಗ ತೂಕಡಿಸಿದ್ರ ಜಾಳಿಗಿ ಮತ್ತ ಕಟ್ಟಿಕೋತದ. ನಡೀರಿ, ಎಂಬತ್ತಕ್ಕ ಒಯ್ದು ನೋಡೂಣು."

ಚಿತ್ತಾಪುರದ ರಸ್ತೆ ಖಾಲಿಯಿತ್ತು. ನಲವತ್ತು ಬಂತು. "ಒತ್ರಿ," ಎಂದ ಮಜೀದ. ನಲವತ್ತೈದು. "ಒತ್ರೀ ಅಯ್ನೋರ!" ಅಯ್ಯನವರು ಕಣ್ಣು ಮುಚ್ಚಿ ಒತ್ತಿದರು. ಮೂರು ವರ್ಷ ಮಲಗಿದ್ದ ಗಾಡಿ ಒಮ್ಮೆಲೇ ಮುಂದಕ್ಕೆ ಚಿಮ್ಮಿತು. "ಬಸವಾ! ಬಸವಾ!" ಎಂದು ಚೀರಿದ ಅಯ್ಯನವರು ಬ್ರೇಕಿನ ಮೇಲೆ ಎರಡೂ ಕಾಲಿಟ್ಟರು. ಗಾಡಿ ಜಾಲಿ ಕಂಟಿಯ ಪಕ್ಕ ನಿಂತಿತು.

"ವಿ.ವಿ.ಟಿ. ಗಾಡ್ಯಾಗ ಅದರಿ," ಎಂದ ಮಜೀದ ಮೆಲ್ಲಗೆ. "ನಿಮ್ಮಾಗ ಇಲ್ಲ. ಮೇಡಂಗ ಬರ್ತದೇನ್ರಿ?"

"ಬರ್ತದ," ಎಂದಳು ರಾಜೇಶ್ವರಿ, ಕಿಟಕಿಯಾಚೆ ತೊಗರಿ ಹೊಲ ನೋಡುತ್ತ. "ಆದ್ರ ನಾ ಕೇಳಂಗಿಲ್ಲ."

ಅಯ್ಯನವರು ಚಾವಿ ಕಿತ್ತು ಹಿಂದಕ್ಕೆ ಚಾಚಿದರು. "ತಗೋ."

"ಬ್ಯಾಡ್ರಿ. ಸೋತೀನಿ ನಾ."

"ಕೈ ಮುಗೀತೀನಿ ಮಾರಾಯ್ತಿ, ತಗೋ!"

"ಇವತ್ತಿಗಷ್ಟೇನೋ, ದಿನಾಲೂನೋ?"

ಶರಣಕುಮಾರ ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡಿದ್ದ. ಅಯ್ಯನವರು ಚಾವಿಯನ್ನು ಆಕೆಯ ಮಡಿಲಿಗೆ ಹಾಕಿದರು. "...ದಿನಾಲೂ."

ಅಂದಿನಿಂದ ರಾಜೇಶ್ವರಿ ಬೆಳಿಗ್ಗೆ ಎಂಟಕ್ಕೇ ಅವರನ್ನು ಕಚೇರಿಯ ಮುಂದೆ ಇಳಿಸಿ, ಧೂಳೆಬ್ಬಿಸುತ್ತ ಕಾಳಗಿಯ ದಾರಿ ಹಿಡಿಯುತ್ತಾಳೆ. ಕಚೇರಿಯ ಬಾಗಿಲು ತೆರೆಯುವುದು ಹತ್ತಕ್ಕೆ. ನಡೆದು ಬಂದರೆ ಸೋತಂತೆ ಎಂದು ಅಯ್ಯನವರು ತಮ್ಮ ಗಾಡಿಯಲ್ಲೇ ಬಂದು, ಎರಡು ತಾಸು ಮೆಟ್ಟಿಲ ಮೇಲೆ ಕೂಡುತ್ತಾರೆ.

"ಪಂದ್ಯ ಗೆದ್ದೀರಂತಲ್ರೀ ಅಯ್ನೋರ?" ಎಂದು ಒಂದು ದಿನ ಜವಾನ ಧರ್ಮಣ್ಣ ಕೇಳಿದ, ಕೈಯಲ್ಲಿ ಕಸಬರಿಗೆ ಹಿಡಿದು.

"ಗೆದ್ದೀನಿ! ಯಾರನ್ನ ಬೇಕಾದ್ರೂ ಕೇಳು. ನನ್ನ ಗಾಡ್ಯಾಗ ವಿ.ವಿ.ಟಿ. ಅದ!" ಎಂದರು ಅಯ್ಯನವರು, ಎದೆಯುಬ್ಬಿಸಿ. ಆಮೇಲೆ ಧರ್ಮಣ್ಣನಿಗೆ ಕಸ ಹೊಡೆಯಲು ಅನುಕೂಲವಾಗಲೆಂದು ಎರಡೂ ಕಾಲು ಮೇಲೆತ್ತಿ ಕುಳಿತರು.