ಚರಿತ್ರೆ ಮೇಷ್ಟ್ರ ತಾಲೀಮು

ಚಿತ್ರಕಲೆ ಟೀಚರ್ ಒಳ್ಳೆಯವರು. ಈ ಮಾತನ್ನು ಮೊದಲೇ ಹೇಳಿಬಿಡುವುದು ವಾಸಿ, ಏಕೆಂದರೆ ಅವತ್ತಿನ ಅನಾಹುತಕ್ಕೆಲ್ಲ ಅವರ ಒಳ್ಳೆಯತನವೇ ಕಾರಣ. ಮೊದಲ ಗಂಟೆ ಹೊಡೆಯುವ ಮುಂಚೆ ಅವರು ಚರಿತ್ರೆ ಮೇಷ್ಟ್ರ ತರಗತಿಯೊಳಗೆ ಇಣುಕಿದರು. ಗೋಡೆಯ ಸ್ಕ್ರೀನಿನ ಮೇಲೆ ಕ್ವಿಜ್ ಆಟಕ್ಕೆ ಸೇರಿಕೊಳ್ಳುವ ಸಂಖ್ಯೆ ದೊಡ್ಡದಾಗಿ ಕಾಣುತ್ತಿತ್ತು. "ಧೈರ್ಯವಾಗಿರಿ ಮೇಷ್ಟ್ರೇ, ನಾವೆಲ್ಲ ನಿಮ್ಮ ಜೊತೆಗಿದೀವಿ" ಎಂದವರೇ ಆ ಸಂಖ್ಯೆಯನ್ನು ಫೋನಿನಲ್ಲಿ ಶಾಲೆಯ ಗುಂಪಿಗೆ ಹಾಕಿಬಿಟ್ಟರು. 'ನಮ್ಮ ಮೇಷ್ಟ್ರಿಗೆ ಬೆಂಬಲ ಕೊಡಿ' ಎಂದು ಕೆಳಗೆ ಬರೆದರು. ಆ ಗುಂಪಿನಲ್ಲಿ ಮಕ್ಕಳ ಅಪ್ಪ ಅಮ್ಮಂದಿರೂ ಇದ್ದರು. ಅಪ್ಪ ಅಮ್ಮಂದಿರ ಫೋನು ನಿಜವಾಗಿ ಯಾರ ಕೈಯಲ್ಲಿರುತ್ತದೆ ಎನ್ನುವುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಚರಿತ್ರೆ ಮೇಷ್ಟ್ರಿಗೆ ಅದು ಅಂತಿಂಥ ದಿನವಲ್ಲ. ಅವರದು ವರ್ಷಗಳಿಂದ ತಾತ್ಕಾಲಿಕ ಕೆಲಸ. ಪ್ರತಿ ಸಲ ರಜೆ ಶುರುವಾಗುವಾಗ ಹೆಡ್‌ಮೇಡಂ ಕರೆದು, "ಮುಂದಿನ ವರ್ಷದ್ದು ಈಗಲೇ ಏನೂ ಹೇಳೋಕಾಗಲ್ಲ ನೋಡಿ" ಎನ್ನುತ್ತಿದ್ದರು. ಬಾಡಿಗೆ ಮನೆಯ ಕಿಟಕಿಗಳಿಗೆ ಹೆಂಡತಿ ಇನ್ನೂ ಪರದೆ ಹೊಲಿಸಿರಲಿಲ್ಲ. "ಕೆಲಸ ಕಾಯಂ ಆಗ್ಲಿ, ಆಮೇಲೆ ಅಳತೆ ತಗೊಳ್ಳೋಣ" ಎಂದು ಮುಂದೂಡುತ್ತಲೇ ಬಂದಿದ್ದಳು. ಎದುರುಮನೆಯವರು ಇವರು ಏನು ಉಣ್ಣುತ್ತಾರೆಂದು ನೋಡಿಕೊಂಡೇ ತಮ್ಮ ಊಟ ಮುಗಿಸುವುದು ರೂಢಿಯಾಗಿತ್ತು. ಇವತ್ತು ತಪಾಸಣೆಯ ಸಾಹೇಬರು ಹಿಂದಿನ ಬೆಂಚಿನಲ್ಲಿ ಕೂತು ಪಾಠ ನೋಡುತ್ತಾರೆ. ಮೆಚ್ಚಿದರೆ ಕೆಲಸ ಕಾಯಂ, ಇಲ್ಲದಿದ್ದರೆ ಗಂಟುಮೂಟೆ.

ಅದಕ್ಕೇ ಮೇಷ್ಟ್ರು ಒಂದು ವಾರದಿಂದ ಮಕ್ಕಳಿಗೆ ತಾಲೀಮು ಮಾಡಿಸಿದ್ದರು. ಸಾಹೇಬರು ಬರುತ್ತಾರೆಂದರೆ ತಾಲೀಮು ಮಾಡಿಸದ ಮೇಷ್ಟ್ರು ಇದ್ದರೆ ಅವರಿಗೆ ದೊಡ್ಡ ನಮಸ್ಕಾರ. ಮನುಷ್ಯ ಕಂಡುಹಿಡಿದ ಸಂಗತಿಗಳ ಮೇಲೆ ಹತ್ತು ಪ್ರಶ್ನೆ. ಪ್ರಶ್ನೆ ಸ್ಕ್ರೀನಿನ ಮೇಲೆ ಬರುತ್ತದೆ, ಜೊತೆಗೆ ಕೆಂಪು, ನೀಲಿ, ಹಳದಿ, ಹಸಿರು ಚೌಕಗಳಲ್ಲಿ ನಾಲ್ಕು ಉತ್ತರ. ಮಕ್ಕಳು ತಮ್ಮ ಟ್ಯಾಬಿನಲ್ಲಿ ಸರಿಯಾದ ಬಣ್ಣ ಒತ್ತಬೇಕು. ಅವೇ ಪ್ರಶ್ನೆಗಳನ್ನು ದಿನಾ ಆಡಿಸಿ ಆಡಿಸಿ, ಈಗ ಮಕ್ಕಳು ಪ್ರಶ್ನೆ ಪೂರ್ತಿ ಮೂಡುವ ಮೊದಲೇ ಟಪಕ್ಕೆಂದು ಸರಿ ಉತ್ತರ ಒತ್ತುತ್ತಿದ್ದರು. ನಿನ್ನೆಯಂತೂ ಇಡೀ ತರಗತಿಗೆ ಹತ್ತಕ್ಕೆ ಹತ್ತು. ಮೇಷ್ಟ್ರು ಮನೆಗೆ ಹೋಗಿ ಹೆಂಡತಿಯ ಮುಂದೆ ಮೀಸೆ ತಿರುವಿದ್ದರು.

ಸಾಹೇಬರು ಬಂದರು. ನಗುವುದನ್ನು ಯಾವ ಕಾಲಕ್ಕೋ ಬಿಟ್ಟುಬಿಟ್ಟಿದ್ದ ಮನುಷ್ಯ. ಬೆಂಚಿನಲ್ಲಿ ಕೂತು, ಮೂಗಿನ ತುದಿಯ ಕನ್ನಡಕದ ಮೇಲಿನಿಂದ ನೋಡಿ, "ಶುರು ಮಾಡಿ" ಎಂದರು.

"ಮಕ್ಕಳೇ, ಆಟಕ್ಕೆ ಸೇರ್ಕೊಳ್ಳಿ" ಎಂದರು ಮೇಷ್ಟ್ರು.

ಮಕ್ಕಳ ಹೆಸರುಗಳು ಸ್ಕ್ರೀನಿನ ಮೇಲೆ ಒಂದೊಂದಾಗಿ ಮೂಡಿದವು. ಅವುಗಳ ಹಿಂದೆಯೇ 'ಮೀಸೆ ೧' ಎಂಬ ಹೆಸರು ಬಂತು. ಆಮೇಲೆ 'ಮೀಸೆ ೨'. ಯಾರೋ ಹುಡುಗಾಟ ಆಡುತ್ತಿದ್ದಾರೆ ಎಂದು ಮೇಷ್ಟ್ರು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಮೀಸೆಗಳು ಇರುವೆ ಸಾಲಿನಂತೆ ಬರತೊಡಗಿದವು. ಮೀಸೆ ನೂರು ದಾಟಿತು, ಇನ್ನೂರು ದಾಟಿತು. ಮಕ್ಕಳ ಹೆಸರುಗಳು ಆ ನೂಕುನುಗ್ಗಲಿನಲ್ಲಿ ಎಲ್ಲಿ ಹೋದವೋ ಕಾಣಲೇ ಇಲ್ಲ. ಮೇಷ್ಟ್ರು ತಮ್ಮ ಮೀಸೆಯ ಮೇಲೆ ಕೈಯಾಡಿಸಿಕೊಂಡರು, ಅದು ಇದ್ದಲ್ಲೇ ಇತ್ತು.

"ತರಗತಿಯಲ್ಲಿ ಇಷ್ಟೊಂದು ಮಕ್ಕಳಿದಾರಾ?" ಸಾಹೇಬರು ಗಂಭೀರವಾಗಿ ಕೇಳಿದರು.

"ಇಲ್ಲ ಸಾರ್. ಇವು... ಬೇರೆ."

ಗದ್ದಲ ಕೇಳಿ ಪಕ್ಕದ ಕೋಣೆಯಿಂದ ಲೆಕ್ಕದ ಮೇಷ್ಟ್ರು ಬಂದರು. ಕಂಪ್ಯೂಟರ್ ವಿಷಯದಲ್ಲಿ ಶಾಲೆಗೆಲ್ಲ ಅವರದೇ ಕೊನೆಯ ಮಾತು. ಸ್ಕ್ರೀನ್ ನೋಡಿ, "ಅಯ್ಯೋ, ಬಾಟುಗಳು!" ಎಂದು ತಲೆಯ ಮೇಲೆ ಕೈ ಹೊತ್ತರು. "ಆಟಗಾರನ ಹೆಸರಿರುತ್ತೆ ಸಾರ್, ಆಟಗಾರ ಇರೋದಿಲ್ಲ. ಯಾವನೋ ಎಲ್ಲೋ ಕೂತು ಒಂದು ಗುಂಡಿ ಒತ್ತಿದ್ರೆ ಸಾಕು, ನೂರಾರು ಸುಳ್ಳು ಆಟಗಾರರು ನುಗ್ಗಿಬಿಡ್ತಾರೆ. ಒಂದೊಂದೇ ಹೆಸರು ಒತ್ತಿ ಹೊರಗೆ ಹಾಕಿ, ಬೇಗ!"

ಮೇಷ್ಟ್ರು ಒತ್ತಿದರು. ಒಂದು ಮೀಸೆ ಹೋದರೆ ನಾಲ್ಕು ಬಂದವು. ಅಂಗಿ ಬೆನ್ನಿಗೆ ಅಂಟಿಕೊಂಡಿತು. ಕಣ್ಣಿಗೆ ಬಿದ್ದ ಹೆಸರನ್ನೆಲ್ಲ ಒತ್ತುತ್ತಾ ಹೋದರು. ನಡುವೆ 'ಪ್ರೇಕ್ಷಕ' ಎಂಬೊಂದು ಹೆಸರು ಬಂತು, ಅದನ್ನೂ ಹೊರಗೆ ಹಾಕಿದರು. ಅದು ಮತ್ತೆ ಬಂತು. "ನಿನಗೆ ನಾಚಿಕೆ ಇಲ್ವಾ?" ಎಂದು ಬೈದು ಮತ್ತೆ ಹೊರಗೆ ಹಾಕಿದರು.

ಹಿಂದಿನ ಬೆಂಚಿನಲ್ಲಿ ಸಾಹೇಬರು ತಮ್ಮ ಫೋನಿನಿಂದ ತಲೆ ಎತ್ತಿದರು. "ಮಕ್ಕಳ ಜೊತೆ ಆಡಿ ನೋಡೋಣ ಅಂತ ಸೇರ್ಕೊಂಡಿದ್ದೆ. ನನ್ನನ್ನ ಯಾಕೆ ಎರಡು ಸಲ ಹೊರಗೆ ಹಾಕಿದ್ರಿ?"

ಮೇಷ್ಟ್ರು ಸಾಹೇಬರಿಗೆ ಕೈ ಮುಗಿದರು. ಅದೇ ಹೊತ್ತಿಗೆ ಜೇಬಿನಲ್ಲಿ ಫೋನು ಗುರುಗುಟ್ಟಿತು, ಹೆಂಡತಿ. ಮೇಜಿನ ಹಿಂದೆ ಬಗ್ಗಿ ಪಿಸುಗುಟ್ಟಿದರು. "ಏನೇ?"

"ರೀ, ಬಟ್ಟೆ ಅಂಗಡಿಯಲ್ಲಿದೀನಿ. ಪರದೆಗೆ ಒಳ್ಳೇ ಬಟ್ಟೆ ಬಂದಿದೆ, ಇದೊಂದೇ ತುಂಡು ಉಳಿದಿರೋದಂತೆ. ಕತ್ತರಿಸಿ ಅಂತ ಹೇಳ್ಲಾ?"

"ಕತ್ತರಿಸೋದು ಬೇಡ ಅನ್ನು" ಎಂದು ಫೋನಿಟ್ಟರು. ಆ ಒಂದು ಗಳಿಗೆಯಲ್ಲಿ ಅವರಿಗೆ ಸಾಹೇಬರಿಗಿಂತಲೂ ಹೆಂಡತಿಯ ಬಗ್ಗೆ ಹೆಚ್ಚು ಸಂಕಟವಾಯಿತು.

ಅಷ್ಟರಲ್ಲಿ ಲೆಕ್ಕದ ಮೇಷ್ಟ್ರು ಕುರ್ಚಿ ಎಳೆದುಕೊಂಡು ಲ್ಯಾಪ್‌ಟಾಪಿನ ಮುಂದೆ ಕೂತೇಬಿಟ್ಟಿದ್ದರು. "ನೀವು ಸುಮ್ನೆ ನಿಂತ್ಕೊಳ್ಳಿ ಮೇಷ್ಟ್ರೇ. ಹಳೇ ಆಟ ಮುಚ್ಚಿದೆ, ಹೊಸ ಸಂಖ್ಯೆ ತೆಗೆದೆ. ಇನ್ನೊಂದು ಕೆಲಸಾನೂ ಮಾಡಿದೀನಿ. ಈ ಕಳ್ಳರ ಹತ್ತಿರ ನಿಮ್ಮ ಉತ್ತರಗಳಿದ್ರೂ ಇರಬಹುದು. ಅದಕ್ಕೆ ಎಲ್ಲಾ ಉತ್ತರಗಳನ್ನ ಅದಲುಬದಲು ಮಾಡಿಬಿಟ್ಟೆ. ಯಾವ ಸರಿ ಉತ್ತರವೂ ಈಗ ಮೊದಲಿದ್ದ ಚೌಕದಲ್ಲಿಲ್ಲ. ಏನು ಕದೀತಾರೋ ಕದೀಲಿ!"

ಮೇಷ್ಟ್ರಿಗೆ ಅವರ ಕಾಲಿಗೆ ಬೀಳಬೇಕೆನಿಸಿತು. ಮೊದಲನೆಯ ಸಾಲಿನಲ್ಲಿ ಕೂತಿದ್ದ, ಎಲ್ಲರೂ ಗುಬ್ಬಿ ಎಂದು ಕರೆಯುವ ಪುಟ್ಟ ಹುಡುಗಿ ಮಾತ್ರ ಯಾಕೋ ಕೈ ಎತ್ತಿದಳು. "ಸಾರ್, ಬದಲಾಯಿಸಿದ್ರಾ?"

"ಸುಮ್ನಿರಮ್ಮ, ಈಗ ಪ್ರಶ್ನೆ ಕೇಳೋ ಹೊತ್ತಲ್ಲ" ಎಂದರು ಮೇಷ್ಟ್ರು. ಗುಬ್ಬಿ ಕೈ ಇಳಿಸಿದಳು.

ಹೊಸ ಸಂಖ್ಯೆ ಮೂಡಿತು. ಮಕ್ಕಳು ಸೇರಿದರು. ಬಾಗಿಲಲ್ಲಿ ಚಿತ್ರಕಲೆ ಟೀಚರ್ ನಿಂತಿದ್ದರು. ಆಟ ನಿಂತುಹೋಯಿತಲ್ಲ ಎಂದು ಅವರಿಗೆ ಪಾಪ ಬೇಜಾರಾಗಿತ್ತು. 'ಹೊಸ ಸಂಖ್ಯೆ ಬಂದಿದೆ, ಬೇಗ ಬನ್ನಿ' ಎಂದು ಗುಂಪಿಗೆ ಹಾಕಿಯೂ ಆಗಿತ್ತು. ಲೆಕ್ಕದ ಮೇಷ್ಟ್ರು ಬೆಚ್ಚಿಬಿದ್ದು ಆಟಕ್ಕೆ ಬೀಗ ಹಾಕುವಷ್ಟರಲ್ಲಿ ಒಂದಿಪ್ಪತ್ತು ಮೀಸೆಗಳು ಒಳಗೆ ಬಂದು ಕೂತಿದ್ದವು.

"ಇದ್ದರೆ ಇರಲಿ" ಎಂದರು ಸಾಹೇಬರು. "ಹೊತ್ತಾಯ್ತು. ಆಡಿಸಿ."

ಮೊದಲ ಪ್ರಶ್ನೆ: ಇವುಗಳಲ್ಲಿ ಮನುಷ್ಯ ಎಲ್ಲಕ್ಕಿಂತ ಮೊದಲು ಬಳಸಿದ್ದು ಯಾವುದು? ಅಚ್ಚಿನ ಯಂತ್ರ, ಚಕ್ರ, ಕಾಗದ, ಬೆಂಕಿ. ಪ್ರಶ್ನೆ ಪೂರ್ತಿ ಮೂಡುವ ಮೊದಲೇ ಮಕ್ಕಳ ಬೆರಳು ಟಪಟಪನೆ ಬಿದ್ದವು. ಉತ್ತರ ಬಂತು. ಇಡೀ ತರಗತಿ ಅಚ್ಚಿನ ಯಂತ್ರ ಎಂದಿತ್ತು. ಕೆಲವು ಮೀಸೆಗಳು ಬೆಂಕಿ ಎಂದಿದ್ದವು.

ಎರಡನೆಯ ಪ್ರಶ್ನೆಯೂ ಹಾಗೇ ಆಯಿತು, ಮೂರನೆಯದೂ ಹಾಗೇ. ದಿಕ್ಸೂಚಿಯನ್ನು ಮಕ್ಕಳು ಹೊಲ ಉಳುವುದಕ್ಕೆ ಕಳಿಸಿದರು, ಹಡಗನ್ನು ಆಕಾಶಕ್ಕೆ ಏರಿಸಿದರು. ಅದೂ ಒಮ್ಮತದಿಂದ, ಎಳ್ಳಷ್ಟೂ ಅನುಮಾನವಿಲ್ಲದೆ. ಹತ್ತು ಪ್ರಶ್ನೆ ಮುಗಿದಾಗ ಪಟ್ಟಿಯ ತುದಿಯಲ್ಲಿ 'ಮೀಸೆ ೧೭' ನಗುತ್ತಿತ್ತು, ಅದರ ಕೆಳಗೆ ಮಿಕ್ಕ ಮೀಸೆಗಳೆಲ್ಲ. ಅವಕ್ಕೂ ಕೆಳಗೆ ಬೆರಳು ಜಾರಿ ಒಂದು ಸರಿ ಉತ್ತರ ಒತ್ತಿದ್ದ ಒಬ್ಬಳು ಹುಡುಗಿ. ತಳದಲ್ಲಿ ಉಳಿದ ತರಗತಿ ಪೂರ್ತಿ, ಸೊನ್ನೆ.

ಸಾಹೇಬರು ಎದ್ದು ಸ್ಕ್ರೀನಿನ ಹತ್ತಿರ ಬಂದರು. "ಈ ಮೀಸೆಗೆ ಚರಿತ್ರೆ ಗೊತ್ತಾ?"

"ಇಲ್ಲ ಸಾರ್" ಎಂದರು ಲೆಕ್ಕದ ಮೇಷ್ಟ್ರು. "ಅದಕ್ಕೆ ಏನೂ ಗೊತ್ತಿಲ್ಲ. ಕಣ್ಣುಮುಚ್ಚಿ ಯಾವುದೋ ಒಂದು ಬಣ್ಣ ಒತ್ತುತ್ತೆ ಅಷ್ಟೇ."

"ಏನೂ ಗೊತ್ತಿಲ್ಲದೇ ಇರೋದು ನಿಮ್ಮ ಮಕ್ಕಳಿಗಿಂತ ಮುಂದಿದೆ" ಎಂದರು ಸಾಹೇಬರು. ಚರಿತ್ರೆ ಮೇಷ್ಟ್ರನ್ನು ಬಹಳ ಹೊತ್ತು ದಿಟ್ಟಿಸಿ ನೋಡಿದರು. ಆಮೇಲೆ ನೆಟ್ಟಗೆ ಹೆಡ್‌ಮೇಡಂ ಕೋಣೆಗೆ ಹೊರಟುಹೋದರು. ಲೆಕ್ಕದ ಮೇಷ್ಟ್ರೂ ಚಿತ್ರಕಲೆ ಟೀಚರೂ ಸಾವಿನ ಮನೆಯಿಂದ ಹೊರಡುವವರ ಹಾಗೆ ಸದ್ದಿಲ್ಲದೆ ಜಾಗ ಖಾಲಿ ಮಾಡಿದರು.

ಮೇಷ್ಟ್ರು ಕುರ್ಚಿಯಲ್ಲಿ ಕುಸಿದರು. "ಯಾಕ್ರೋ ಹೀಗೆ ಮಾಡಿದ್ರಿ? ನಿನ್ನೆ ಎಲ್ಲಾ ಸರಿಯಾಗಿ ಹೇಳಿದ್ರಲ್ಲ."

ಗುಬ್ಬಿ ಎದ್ದು ನಿಂತಳು. "ಅದಕ್ಕೇ ಸಾರ್ ನಾನು ಕೈ ಎತ್ತಿದ್ದು. ನಾವು ಕಲ್ತಿದ್ದು ಕೆಂಪು, ನೀಲಿ, ನೀಲಿ, ಹಸಿರು, ಹೀಗೆ. ದಿನಾ ಅದೇ ಬರ್ತಿತ್ತಲ್ಲ. ಪ್ರಶ್ನೆ ಏನೂಂತ ನಮ್ಗೆ ಗೊತ್ತಿಲ್ಲ."

"ಒಂದು ವಾರದಲ್ಲಿ ಒಂದು ಪ್ರಶ್ನೇನೂ ಓದಿಲ್ವಾ?"

"ಓದ್ತಾ ಕೂತ್ರೆ ಒತ್ತೋಕೆ ತಡ ಆಗುತ್ತೆ ಸಾರ್" ಎಂದಳು ಗುಬ್ಬಿ, ಅಷ್ಟೂ ತಿಳಿಯದವರಿಗೆ ತಿಳಿಸಿ ಹೇಳುವ ದನಿಯಲ್ಲಿ.

ಮೇಷ್ಟ್ರಿಗೆ ಬೈಯಬೇಕೆನಿಸಲಿಲ್ಲ. ಕೆಲಸವಂತೂ ಹೋಯಿತು, ಇನ್ನು ಹೆದರುವುದು ಯಾರಿಗೆ? ಎದ್ದು ಹೋಗಿ ಸ್ಕ್ರೀನ್ ಆರಿಸಿದರು. ಟ್ಯಾಬುಗಳನ್ನೆಲ್ಲ ಮೇಜಿನ ಮೇಲೆ ಪೇರಿಸಿದರು. "ಬೆಂಕಿ ಇಲ್ಲದ ಕಾಲದಲ್ಲಿ ಕತ್ತಲಾದ ಮೇಲೆ ನೀವು ಏನು ಮಾಡ್ತಿದ್ರಿ, ಹೇಳಿ ನೋಡೋಣ" ಎಂದರು.

ಒಬ್ಬ ನಿದ್ದೆ ಮಾಡುತ್ತಿದ್ದೆ ಎಂದ. "ಹುಲಿ ಬಂದ್ರೆ?" ಎಂದಳು ಇನ್ನೊಬ್ಬಳು. ಹುಲಿಯಿಂದ ಬೆಂಕಿಗೆ ಬಂದರು, ಬೆಂಕಿಯಿಂದ ಸುಟ್ಟ ಮಡಕೆಗೆ. ಮಡಕೆಯಿಂದ ಚಕ್ರಕ್ಕೆ ಹೋಗುವಾಗ ಎರಡು ಬೆಂಚುಗಳ ನಡುವೆ ಜೋರು ವಾದವೇ ಆಯಿತು. ಹೇಳಿದ್ದನ್ನು ಬರೆದಿಟ್ಟುಕೊಳ್ಳಲು ಮೊದಲು ಕಾಗದ ಬೇಕು, ಕಾಗದವಿಲ್ಲದೆ ಅಚ್ಚಿನ ಯಂತ್ರ ತೆಗೆದುಕೊಂಡು ಏನು ಉಪ್ಪಿನಕಾಯಿ ಹಾಕುವುದಾ ಎಂದು ಗುಬ್ಬಿಯೇ ಎದ್ದುನಿಂತು ಕೇಳಿದಳು. ಗಂಟೆ ಹೊಡೆದದ್ದು ಯಾರಿಗೂ ಕೇಳಿಸಲಿಲ್ಲ. ಇಷ್ಟು ವರ್ಷದಲ್ಲಿ ಅಂಥ ಪಾಠ ಮೇಷ್ಟ್ರು ಮಾಡಿರಲಿಲ್ಲ. ಅದನ್ನು ನೋಡುವುದಕ್ಕೆ ಹಿಂದಿನ ಬೆಂಚಿನಲ್ಲಿ ಯಾರೂ ಇರಲಿಲ್ಲ.

ಅಷ್ಟರಲ್ಲಿ ಹೆಡ್‌ಮೇಡಂ ಏದುಸಿರು ಬಿಡುತ್ತಾ ಓಡಿಬಂದರು. ಅವರು ಓಡಿದ್ದನ್ನು ಶಾಲೆಯಲ್ಲಿ ಯಾರೂ ಕಂಡಿರಲಿಲ್ಲ. ಮೇಷ್ಟ್ರನ್ನು ಹೊರಗೆ ಕರೆದರು.

"ಏನ್ರೀ ಮಾಡಿಟ್ಟಿದೀರ! ಸಾಹೇಬರು ನಿಮ್ಮನ್ನ ಹೊಗಳಿದ್ದೇ ಹೊಗಳಿದ್ದು."

"ನನ್ನನ್ನಾ?"

"ಈ ತಿಂಗಳು ಅವರು ಹೋದ ಶಾಲೆಯಲ್ಲೆಲ್ಲ ಮಕ್ಕಳಿಗೆ ಹತ್ತಕ್ಕೆ ಹತ್ತಂತೆ. ಎಲ್ಲಾ ಕಡೆ ಮೊದಲೇ ತಾಲೀಮು ಮಾಡಿಸಿ ಮೋಸ ಮಾಡ್ತಾರೆ, ನೋಡಿ ನೋಡಿ ಸಾಕಾಗಿ ಹೋಗಿದೆ ಅಂದ್ರು. 'ತಾಲೀಮು ಮಾಡಿಸಿದ್ರೆ ಸೊನ್ನೆ ಬರ್ತಿತ್ತಾ? ನಾನು ಕಂಡ ಒಬ್ಬನೇ ಪ್ರಾಮಾಣಿಕ ಮೇಷ್ಟ್ರು ಈತ' ಅಂತ ಅಂದ್ರು. ಕೆಲಸ ಕಾಯಂ ಮಾಡೋಣ ಅಂದ್ರು!"

ಮೇಷ್ಟ್ರ ಕಣ್ಣಲ್ಲಿ ನೀರು ತುಂಬಿತು. ಹೆಂಡತಿಗೆ ಫೋನ್ ಮಾಡಲು ಜೇಬಿಗೆ ಕೈ ಹಾಕಿದರು.

"ತಡೀರಿ, ಪೂರ್ತಿ ಕೇಳಿ. ಬರೋ ಸೋಮವಾರ ಸುತ್ತಲಿನ ಶಾಲೆಗಳ ಮೇಷ್ಟ್ರುಗಳನ್ನೆಲ್ಲ ಕರೆಸ್ತಾರಂತೆ. ಮೋಸ ಇಲ್ಲದ ತರಗತಿ ಹೇಗಿರುತ್ತೆ ಅಂತ ತೋರಿಸಬೇಕಂತೆ. ಇದೇ ಮಕ್ಕಳು, ಇದೇ ಪ್ರಶ್ನೆಗಳು. ಅದು ಮುಗಿದ ಮೇಲೆ ಎಲ್ಲರ ಮುಂದೆ ನಿಮ್ಮ ಆದೇಶಕ್ಕೆ ಸಹಿ ಹಾಕ್ತಾರೆ."

"ಮೇಡಂ, ಅವತ್ತು ಮಕ್ಕಳು ಸರಿ ಉತ್ತರ ಹೇಳಿಬಿಟ್ರೆ?"

"ಛೆ ಛೆ, ಬಿಡ್ತು ಅನ್ನಿ! ಈತನೂ ತಾಲೀಮು ಮಾಡಿಸೋ ಗಿರಾಕಿನೇ ಅಂತ ಎದ್ದು ಹೋಗ್ತಾರೆ. ನಿಮ್ಮ ಮಕ್ಕಳಿಗೆ ಏನೂ ಬರಲ್ಲ ಅಂತ ಇವತ್ತು ನೋಡಿದ್ವಲ್ಲ, ನೀವ್ಯಾಕೆ ಹೆದರ್ತೀರಿ?" ಹೆಡ್‌ಮೇಡಂ ಅವರ ಬೆನ್ನು ತಟ್ಟಿ ಹೊರಟರು.

ಮೇಷ್ಟ್ರು ತರಗತಿಗೆ ವಾಪಸು ಬಂದರು. ಬಾಗಿಲು ಹಾಕಿಕೊಂಡರು. "ಮಕ್ಕಳೇ, ಯಾವುದು ಮೊದಲು?" ಎಂದು ಮೆಲ್ಲಗೆ ಕೇಳಿದರು.

"ಬೆಂಕಿ!" ಇಡೀ ತರಗತಿ ಕೂಗಿತು. ಯಾಕೆ ಎಂದು ಅವರು ಕೇಳಲಿಲ್ಲ, ಆದರೂ ಮಕ್ಕಳು ಹೇಳಿದರು. ಹುಲಿ ಎಂದರು, ಕತ್ತಲೆ ಎಂದರು, ಮಡಕೆ ಎಂದರು.

"ಅಲ್ಲ ಕಣ್ರೋ" ಎಂದರು ಮೇಷ್ಟ್ರು. "ನಾನು ಹೇಳಿದ್ದು ತಪ್ಪು, ಅದನ್ನೆಲ್ಲ ಮರೆತುಬಿಡಿ. ಅಚ್ಚಿನ ಯಂತ್ರಾನೇ ಮೊದಲು. ಎಲ್ಲಾರೂ ಒಟ್ಟಿಗೆ ಹೇಳಿ, ಅಚ್ಚಿನ ಯಂತ್ರ."

ಯಾರೂ ಹೇಳಲಿಲ್ಲ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಗುಬ್ಬಿ ಎದ್ದು ಬಂದು, ಅವರ ಕೈ ಹಿಡಿದುಕೊಂಡು, ತುಂಬಾ ಕನಿಕರದಿಂದ ಹೇಳಿದಳು:

"ಸಾರ್, ಸೋಮವಾರದೊಳಗೆ ನೀವು ಸ್ವಲ್ಪ ಓದ್ಕೊಂಡು ಬನ್ನಿ."