ಮುಂದಿನ ಬ್ರೇಕ್ ಹಿಡಿತೈತೇನ್ರಿ?

ನಮ್ಮ ಕಾಕಾ ಕೆಟ್ಟವನೆಂದು ಯಲಬುರ್ಗಾದಲ್ಲಿ ಒಬ್ಬರೂ ಹೇಳುತ್ತಿರಲಿಲ್ಲ. ಆದರೆ ಅವನು ಓಣಿಯ ತುದಿಯಲ್ಲಿ ಕಂಡರೆ ಸಾಕು, ಫಟಫಟಿ ಇದ್ದವರು ಅದನ್ನು ಲಗುಬಗೆಯಿಂದ ಹಿತ್ತಲಿಗೆ ದೂಡಿ ಬಾಗಿಲು ಹಾಕಿಕೊಳ್ಳುತ್ತಿದ್ದರು! ಕಳುವಿನ ಭಯವೇ? ಛೇ, ಪರರ ಒಂದು ಕಡ್ಡಿಯನ್ನೂ ಮುಟ್ಟಿದವನಲ್ಲ ಕಾಕಾ. ಭಯವೆಲ್ಲ ಅವನ ಒಂದು ಪ್ರಶ್ನೆಯದು. ಲೋಕದ ಜನ ಎದುರಾದರೆ ಊಟ ಆಯಿತೇ, ಮಳೆ ಆಯಿತೇ ಎಂದು ಕೇಳುತ್ತಾರೆ. ಕಾಕಾ ಕೇಳುತ್ತಿದ್ದುದು, "ಮುಂದಿನ ಬ್ರೇಕ್ ಹಿಡಿತೈತೇನ್ರಿ?" ಹಿಡಿಯುತ್ತದೆ ಎಂದರೆ ಎಷ್ಟು ಹಿಡಿಯುತ್ತದೆ ನೋಡೋಣ ಎನ್ನುತ್ತಿದ್ದ. ಇಲ್ಲ ಎಂದಿರೋ ಮುಗಿಯಿತು, ಅಲ್ಲೇ ಕೂತು ಮೋಟಾರ್ ಸೈಕಲ್ಲಿನ ಗಾಲಿ ಬಿಚ್ಚುತ್ತಿದ್ದ.

ಅವನು ನನ್ನ ಅಪ್ಪನ ತಮ್ಮ. ಅಪ್ಪ ನಾನು ಸಣ್ಣವಳಿದ್ದಾಗಲೇ ತೀರಿಕೊಂಡ. ಮನೆಯಲ್ಲಿ ಅವ್ವ, ನಾನು, ಮತ್ತು ಮದುವೆಯ ಗೊಡವೆಗೆ ಹೋಗದೆ ನಮ್ಮಿಬ್ಬರನ್ನು ಸಾಕಿದ ಈ ಕಾಕಾ. ದನದ ದವಾಖಾನೆಯಲ್ಲಿ ಕಂಪೌಂಡರ್. ಹಳ್ಳಿ ತಿರುಗಲು ಒಂದು ಹಳೆಯ ಫಟಫಟಿ ಇಟ್ಟಿದ್ದ. ಅದಕ್ಕೆ ಬಣ್ಣವಿರಲಿಲ್ಲ, ಹಾರ್ನ್ ಇರಲಿಲ್ಲ, ಸೀಟಿನಲ್ಲಿ ಸ್ಪಂಜಿಗಿಂತ ಚಿಂದಿಬಟ್ಟೆಯೇ ಹೆಚ್ಚು. ಆದರೆ ಮುಂದಿನ ಬ್ರೇಕ್? ಅಂಥದು ರಾಯಚೂರಿನ ಡೀಸಿ ಸಾಹೇಬರ ಜೀಪಿಗೂ ಇರಲಿಕ್ಕಿಲ್ಲ!

ರವಿವಾರ ಬಂತೆಂದರೆ ಅಂಗಳದಲ್ಲಿ ಗೋಣಿಚೀಲ ಹಾಸಿ ಮುಂದಿನ ಗಾಲಿ ಇಳಿಸುತ್ತಿದ್ದ. ಗಾಲಿಯ ನಡುವಿನ ಡ್ರಮ್ಮಿನೊಳಗೆ ಅರ್ಧಚಂದ್ರದಂಥ ಎರಡು ಬ್ರೇಕ್ ಶೂ, ಅವನ್ನು ಜಗ್ಗಿ ಹಿಡಿಯುವ ಸ್ಪ್ರಿಂಗು. ಎಲ್ಲವನ್ನೂ ಅವ್ವನ ಪರಾತದಲ್ಲಿ ಪೆಟ್ರೋಲ್ ಸುರಿದು ತೊಳೆದು, ಪಾಲಿಶ್ ಕಾಗದದಿಂದ ತಿಕ್ಕಿ, ಎರೆದ ಕೂಸನ್ನು ಮಲಗಿಸಿದಂತೆ ಬಿಸಿಲಿಗೆ ಇಡುತ್ತಿದ್ದ. ಒಮ್ಮೆ ಅವ್ವ ಗೊತ್ತಾಗದೆ ಅದೇ ಪರಾತದಲ್ಲಿ ಹಿಟ್ಟು ನಾದಿದಳು. ಆ ದಿನದ ರೊಟ್ಟಿ ತಿಂದ ಬೀಗರು ಊಟದ ಮೇಲೆ ಬೀಡಿ ಹಚ್ಚಲು ಹೆದರಿದರು!

ಕಾಲೇಜಿಗೆ ಹೋಗುತ್ತಿದ್ದ ನನಗೆ ಬ್ರೇಕಿನ ಹಿಡಿಯ ಕೆಲಸ. ಅವನು ಕೇಬಲ್ ಬಿಗಿ ಮಾಡುತ್ತ ಹಿಡಿ ಎಂದರೆ ಹಿಡಿಯಬೇಕು, ಬಿಡು ಎಂದರೆ ಬಿಡಬೇಕು. ಗೆಳತಿಯರು ಹೂ ಮುಡಿದುಕೊಂಡು ಅದೇ ಹೊತ್ತಿಗೆ ಮನೆಯ ಮುಂದೆ ಹಾಯುತ್ತಿದ್ದರು. ನಾನು ಸೆರಗಿನಿಂದ ಮುಖ ಮುಚ್ಚಿಕೊಂಡು ಹಿಡಿದು, ಬಿಟ್ಟು, ಹಿಡಿದು, ಬಿಟ್ಟು... ನೆಲ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು. ಮುಖ ಮುಚ್ಚಿದರೇನು ಬಂತು? ಊರಿನಲ್ಲಿ ಬ್ರೇಕ್ ಹಿಡಿಯುವ ಹುಡುಗಿ ನಾನೊಬ್ಬಳೇ!

ಆಮೇಲೆ ಪರೀಕ್ಷೆ. ಓಣಿಯ ತುದಿಯ ಕಟ್ಟೆಯ ಮೇಲೆ ಹಿರಿಯರು ಕಾಲು ಇಳಿಬಿಟ್ಟು ಕೂತಿರುತ್ತಿದ್ದರು. ಕಾಕಾ ದೂರದಿಂದ ಬಿರುಸಾಗಿ ಬಂದು ಅವರ ಮೊಣಕಾಲಿಗೆ ಗೇಣು ದೂರದಲ್ಲಿ ಗಾಡಿ ನಿಲ್ಲಿಸಬೇಕು. ಸದ್ದು ಕೇಳಿದೊಡನೆ ಹಿರಿಯರೆಲ್ಲ, ಆಡುತ್ತಿದ್ದ ಮಾತು ನಿಲ್ಲಿಸದೆಯೇ, ಒಟ್ಟಿಗೆ ಕಾಲು ಮೇಲೆತ್ತಿಕೊಳ್ಳುತ್ತಿದ್ದರು! ಇಷ್ಟಾದರೂ ಕಾಕಾನಿಗೆ ಸಮಾಧಾನವಿಲ್ಲ. ಇನ್ನೂ ತುಸು ಮೊದಲೇ ನಿಲ್ಲಬೇಕಿತ್ತೆಂದು ಮನೆಗೆ ಬಂದು ಮತ್ತೆ ಗಾಲಿ ಇಳಿಸುತ್ತಿದ್ದ.

ಇಂಥ ಮನೆಗೆ ಗಂಗಾವತಿಯಿಂದ ನನ್ನನ್ನು ನೋಡಲು ಬಂದರು. ಅಕ್ಕಿ ಗಿರಣಿ ಇದ್ದವರು. ಹೆಂಗಸರು ಬಸ್ಸಿಗೆ ಬಂದರೆ, ಹುಡುಗ ಮತ್ತು ಅವನ ಅಪ್ಪ ಫಳಫಳ ಹೊಳೆಯುವ ಫಟಫಟಿಯ ಮೇಲೆ. ಅವ್ವ ಹಿಂದಿನ ದಿನವೇ ಕಾಕಾನಿಂದ ಆಣೆ ಮಾಡಿಸಿಕೊಂಡಿದ್ದಳು: ಬ್ರೇಕಿನ ಮಾತು ಎತ್ತಕೂಡದು. ಕಾಕಾ ಆಣೆ ಮುರಿಯಲಿಲ್ಲ. ಬ್ರೇಕಿನ ಬಗ್ಗೆ ತುಟಿ ಎರಡು ಮಾಡಲಿಲ್ಲ!

ನಾನು ಉಪ್ಪಿಟ್ಟಿನ ತಾಟು ಹಿಡಿದು ಪಡಸಾಲೆಗೆ ಬಂದಾಗ ಹುಡುಗನ ಅಪ್ಪ, ಮನೆಯ ಹಿರಿಯರು ಎಲ್ಲಿ ಹೋದರೆಂದು ಕೇಳುತ್ತಿದ್ದರು. ಅಂಗಳದಲ್ಲಿ ಠಣ್ ಎಂದು ನಟ್ಟು ಬಿಚ್ಚುವ ಪಾನಾ ಬಿದ್ದ ಸದ್ದಾಯಿತು. ಎಲ್ಲರೂ ಬಾಗಿಲಿಗೆ ಓಡಿದೆವು. ಫಳಫಳ ಹೊಳೆಯುವ ಗಾಡಿ ಮುಂದಿನ ಗಾಲಿಯಿಲ್ಲದೆ ಒಂದು ಕಲ್ಲಿನ ಮೇಲೆ ಮೂಗೂರಿ ನಿಂತಿತ್ತು. ಹೊಸ ಧೋತರದ ತುಂಬ ಕರಿ ಮಾಡಿಕೊಂಡ ಕಾಕಾ ತಲೆಯೆತ್ತಿ ನಕ್ಕ.

"ಹಿಡಿ ಒಂಚೂರು ಸಡ್ಲ ಇತ್ರಿ. ನೀವು ಚಾ ಕುಡಿಯೋದ್ರಾಗ ಮುಗಸ್ತೇನಿ."

ಚಹಾ ಮುಗಿಯಿತು. ಊಟವೂ ಮುಗಿಯಿತು. ಗಾಲಿ ಮಾತ್ರ ಏರಲಿಲ್ಲ. ಯಾಕೆಂದರೆ ಒಂದು ಸ್ಪ್ರಿಂಗು ಕಾಕಾನ ಕೈಯಿಂದ ಚಿಮ್ಮಿ ಎತ್ತಲೋ ಹಾರಿಹೋಗಿತ್ತು! ಬೀಗಿತ್ತಿಯರಾಗಬೇಕಾದವರು ರೇಷ್ಮೆ ಸೀರೆ ಎತ್ತಿ ಕಟ್ಟಿ ಅಂಗಳ ಹುಡುಕಿದರು. ಹುಡುಗ ಮಾಳಿಗೆ ಹತ್ತಿ ಹುಡುಕಿದ. ನನ್ನನ್ನು ನೋಡಲು ಬಂದವರು ಅಷ್ಟು ಜನ; ಎಲ್ಲರೂ ನೆಲ ನೋಡುತ್ತಿದ್ದರೇ ಹೊರತು ನನ್ನನ್ನು ಒಬ್ಬರೂ ನೋಡಲಿಲ್ಲ! ಕಡೆಗೆ ಸ್ಪ್ರಿಂಗು ಸಿಕ್ಕಿದ್ದು ಹುಡುಗನ ಅಪ್ಪನ ತಲೆಯ ರುಮಾಲಿನ ಮಡಿಕೆಯಲ್ಲಿ. ಸಂಜೆ ಅವರು ಹೊರಟಾಗ ಕಾಕಾ ಬಿಗಿ ಮಾಡಿದ ಬ್ರೇಕು ಕಿರ್ರೆಂದು ಕಿರುಚಿತು, ಓಣಿಯ ಜನವೆಲ್ಲ ಬಾಗಿಲಿಗೆ ಬಂತು. ಗಂಗಾವತಿ ಹಾದಿಯ ಹೇಮಗುಡ್ಡದವರೆಗೂ ಹಾಗೇ ಕಿರುಚುತ್ತ ಹೋಯಿತಂತೆ.

ಮುಂದಿನ ಸಂತೆಯ ದಿನ, ಸಂಬಂಧ ತಂದಿದ್ದ ನಡುವಿನವರು ಬಂದು ಅವ್ವನ ಹತ್ತಿರ ಕೂತರು. "ಹುಡುಗಿ ಛಲೋ ಅದಾಳ ಅಂದ್ರು. ಆದ್ರ ಇಂಥಾ ಕಾಕಾ ಅದಾನ ಅಂತ ನಾಲ್ಕು ಮಂದಿಯಾಗ ಹೆಂಗ ಹೇಳೋದು ಅಂತಾರ."

ಅವರು ದನಿ ತಗ್ಗಿಸಿಯೇ ಹೇಳಿದ್ದರು. ಆದರೆ ಕಾಕಾ ಬಚ್ಚಲಲ್ಲಿ ಕೈ ತೊಳೆಯುತ್ತಿದ್ದ. ಅವನಿಗೆ ಕೇಳಿಸಿದ್ದು ನನಗೆ ಕಂಡಿತು. ಬಂದವರು ಎದ್ದುಹೋಗುವವರೆಗೂ ಅವನು ನೀರು ಸುರಿದುಕೊಳ್ಳುತ್ತಲೇ ಇದ್ದ.

ಅಂದೇ ಪಾನಾಗಳನ್ನೆಲ್ಲ ಚೀಲದಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿದ. ಓಣಿಯಲ್ಲಿ ಫಟಫಟಿ ಬಂದರೆ ಆಕಾಶ ನೋಡತೊಡಗಿದ. ಬೇಸಿಗೆಯ ನಡುಹಗಲಲ್ಲಿ ಮೋಡ ಹುಡುಕುವ ಮನುಷ್ಯನನ್ನು ನೀವು ಕಂಡಿದ್ದೀರಾ? ನನ್ನ ಮುಖಕ್ಕೆ ಮುಖ ಕೊಡುತ್ತಿರಲಿಲ್ಲ. ನಾನು ಪಕ್ಕದಲ್ಲೇ ತಂಬಿಗೆ ಹಿಡಿದು ನಿಂತಿದ್ದರೂ ನೀರು ಕೊಡು ಎಂದು ಅವ್ವನನ್ನು ಕೂಗುತ್ತಿದ್ದ.

ಮುಂದೆ ತಾವರಗೇರಾದ ಒಬ್ಬ ಮಾಸ್ತರರ ಸಂಬಂಧ ಬಂತು. ಅವರು ನೋಡಲು ಬಂದ ದಿನ ಕಾಕಾ ಅಡುಗೆಮನೆಯಲ್ಲಿ ಹೆಂಗಸರ ನಡುವೆ ಕೂತು ಶೇಂಗಾ ಸುಲಿದ. ಬಂದವರು ಬಸ್ಸಿಗೆ ಬಂದಿದ್ದಾರೆ, ಹೊರಗೆ ಬಾ ಎಂದು ಅವ್ವ ಎಷ್ಟು ಹೇಳಿದರೂ ನಂಬಲಿಲ್ಲ! ಮದುವೆಯಾಯಿತು. ಅಕ್ಷತೆ ಹಾಕುವಾಗಲೂ ಕಂಬದ ಹಿಂದಿನಿಂದಲೇ ಹಾಕಿದ.

ಪಂಚಮಿಗೆ ತವರಿಗೆ ಬಂದಿದ್ದೆ. ಹಬ್ಬ ಮುಗಿದ ಮೇಲೆ ನನ್ನನ್ನು ಕರೆದೊಯ್ಯಲು ಗಂಡ ಫಟಫಟಿ ತಂದರು, ಯಾರೋ ಓಡಿಸಿ ಮಾರಿದ್ದನ್ನು ಆಗಷ್ಟೇ ಕೊಂಡದ್ದು. ಅಂಗಳದಲ್ಲಿ ಸದ್ದು ಕೇಳುತ್ತಲೇ ಕಾಕಾ ಹಿತ್ತಲಿಗೆ ನಡೆದ. ನಾನು ಉಂಡಿಯ ಗಂಟು ಕಟ್ಟಿಕೊಂಡು, ಹೋಗಿಬರುತ್ತೇನೆಂದು ಹೇಳಲು ಹಿತ್ತಲಿಗೆ ಹೋದೆ. ಕೊಡಲಿ ಹಿಡಿದು, ಯಾರಿಗೂ ಬೇಡದ ಕಟ್ಟಿಗೆ ಸೀಳುತ್ತಿದ್ದ. ಅವನ ಉಗುರುಗಳು ಬೆಳ್ಳಗಿದ್ದವು. ನನಗೆ ಬುದ್ಧಿ ಬಂದಾಗಿನಿಂದ ಅವನ ಉಗುರು ಬೆಳ್ಳಗಿದ್ದುದನ್ನು ಕಂಡಿರಲಿಲ್ಲ. ಬೇರೆ ಯಾರದೋ ಕೈಯಂತೆ ಕಂಡವು.

"ಕಾಕಾ, ಇವರ ಗಾಡಿ ಮುಂದಿನ ಬ್ರೇಕ್ ಹಿಡಿಯವಲ್ದು," ಎಂದೆ.

"ಮೆಲ್ಲಗ ಹೋಗ್ರಿ," ಎಂದ, ಕಟ್ಟಿಗೆಯನ್ನೇ ನೋಡುತ್ತ.

"ನನಗ ಅಂಜಿಕಿ ಬರತೈತಿ. ನೀನು ನೋಡಿದ್ರ ಕುಂದ್ರತೀನಿ, ಇಲ್ಲಂದ್ರ ಇಲ್ಲ."

ನನ್ನ ಹಿಂದೆಯೇ ಬಂದು ಹಿತ್ತಲ ಬಾಗಿಲಲ್ಲಿ ನಿಂತಿದ್ದ ಗಂಡ ನನ್ನ ಮುಖ ನೋಡಿದರು. ಹಿಂದಿನ ವಾರವಷ್ಟೇ ಕುಷ್ಟಗಿಯಲ್ಲಿ ಹೊಸ ಬ್ರೇಕ್ ಶೂ ಹಾಕಿಸಿಕೊಂಡು ಬಂದಿದ್ದ ಮನುಷ್ಯ! ಆದರೂ "ಹೌದ್ರಿ, ಒಟ್ಟ ಹಿಡಿಯಂಗಿಲ್ಲ," ಎಂದರು.

ಕಾಕಾ ಕೊಡಲಿ ಕೆಳಗಿಟ್ಟು ಅಂಗಳಕ್ಕೆ ಬಂದ. ಗಾಡಿಯನ್ನು ತುಸು ಮುಂದಕ್ಕೆ ದೂಡಿ ಹಿಡಿ ಒತ್ತಿದ. ಗಾಲಿ ನೆಲಕ್ಕೆ ನೆಟ್ಟಂತೆ ನಿಂತಿತು. ಇನ್ನೊಮ್ಮೆ ದೂಡಿ ಒತ್ತಿದ. ಮತ್ತೆ ಹಾಗೇ ನಿಂತಿತು. ಸುಳ್ಳು ಹೇಳಲು ನಮಗೆ ಇವನೇ ಸಿಗಬೇಕಿತ್ತೇ! ನಾನು ತಲೆ ತಗ್ಗಿಸಿದೆ. ಕಾಕಾ ಬಹಳ ಹೊತ್ತು ಹಿಡಿಯನ್ನು ಬಿಡಲಿಲ್ಲ. ಆಮೇಲೆ ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿ, ಗಾಲಿಯ ಮುಂದೆ ಕುಕ್ಕುರುಗಾಲಲ್ಲಿ ಕೂತು, ಎಷ್ಟೋ ದಿನಗಳ ಮೇಲೆ ನನ್ನ ಮುಖ ನೋಡಿ ಹೇಳಿದ:

"ಭಾಳ ಕೆಟ್ಟೈತಿ ಯವ್ವಾ. ಇವತ್ತ ಹೋಗಾಕ ಆಗಂಗಿಲ್ಲ. ನಾಳಿಗೆ ಹೋಗ್ರಿ."