ಶರಶಯ್ಯೆಯ ಭೀಷ್ಮನಿಗೆ ನವೆ

"ಈ ಇಸುಬನ್ನ ಯಾವ ಡಾಕ್ಟ್ರ ಹಂಗೂ ಇಲ್ದೆ ನಾನೇ ಓಡುಸ್ತೀನಿ. ನೋಡ್ತಾ ಇರು" ಎಂದು ಹೊನ್ನವಳ್ಳಿಯ ಭೀಮರಾಜು ಹೆಂಡತಿಯ ಮುಂದೆ ಘೋಷಿಸಿದಾಗ, ಅವನ ಬಲಗಾಲಿನ ಹೆಬ್ಬೆರಳು ತನ್ನ ಪಾಡಿಗೆ ತಾನು ಎಡಗಾಲನ್ನು ಕೆರೆಯುತ್ತಿತ್ತು.

"ನೋಡ್ತಾನೇ ಇದೀನಿ ಕಣ್ರೀ, ಮದ್ವೆ ಆದಾಗ್ಲಿಂದ" ಎಂದಳು ನಿರ್ಮಲಾ.

ಭೀಮರಾಜು ಬೋರ್‌ವೆಲ್ ಮೋಟರುಗಳಿಗೆ ವೈಂಡಿಂಗ್ ಮಾಡುವವನು. ಸುತ್ತಲಿನ ತೆಂಗಿನ ತೋಟಗಳಲ್ಲಿ ಸುಟ್ಟುಹೋದ ಮೋಟರುಗಳೆಲ್ಲ ಅವನ ಅಂಗಡಿಗೆ ಬಂದು ಮರುಜನ್ಮ ಪಡೆದು ಹೋಗುತ್ತಿದ್ದವು. ಆದರೆ ಮೊಣಕಾಲಿನ ಕೆಳಗೆ ಅಂಗೈಯಗಲ ಕಪ್ಪಿಟ್ಟು, ಆನೆಯ ಚರ್ಮದಂತೆ ದಪ್ಪಗಾಗಿದ್ದ ಇಸುಬಿನ ಮುಂದೆ ಆ ಕೈಚಳಕ ಒಂದೂ ನಡೆದಿರಲಿಲ್ಲ. ಮದುವೆಯ ಪಂಕ್ತಿಯಲ್ಲಿ ಪಾಯಸ ಬರುವ ಹೊತ್ತಿಗೆ ಸರಿಯಾಗಿ ನವೆ ಏಳುತ್ತಿತ್ತು. ಸಾವಿನ ಮನೆಯಲ್ಲಿ ಎಲ್ಲರೂ ಕಣ್ಣೊರೆಸಿಕೊಳ್ಳುವಾಗ ಇವನು ಕಾಲು ಕೆರೆದುಕೊಳ್ಳುತ್ತಿದ್ದ. ನಿದ್ದೆಯಲ್ಲೂ ಆ ಕೈಗೆ ಬಿಡುವಿರಲಿಲ್ಲ.

"ಪಕ್ಕದಲ್ಲಿ ಯಾರೋ ಕಾಯಿ ತುರ್ದಂಗೆ ಆಯ್ತದೆ. ಬೆಳಿಗ್ಗೆ ಎದ್ರೆ ಚಟ್ನಿ ಮಾತ್ರ ಇರಲ್ಲ" ಎಂದು ನಿರ್ಮಲಾ ತವರಿನಲ್ಲಿ ಹೇಳಿಕೊಂಡಿದ್ದಳು.

ಇಷ್ಟು ಕಾಲ ಸಹಿಸಿದವನಿಗೆ ಈಗೇಕೆ ರೋಷ ಬಂತೆಂದರೆ, ಊರಿನ ಕಲಾಸಂಘದ ಪೌರಾಣಿಕ ನಾಟಕದಲ್ಲಿ ಅವನಿಗೆ ಭೀಷ್ಮನ ಪಾತ್ರ ಸಿಕ್ಕಿತ್ತು. ದೂತನಾಗಿ, ದ್ವಾರಪಾಲಕನಾಗಿ ಸವೆದು ಸವೆದು ಕೊನೆಗೂ ದಕ್ಕಿದ ಪಾತ್ರ. ಭೀಷ್ಮ ಬಾಣಗಳ ಹಾಸಿಗೆಯ ಮೇಲೆ ಅಲುಗಾಡದೆ ಮಲಗಿರಬೇಕು. ಸುತ್ತ ನಿಂತ ಪಾಂಡವರು ಒಬ್ಬೊಬ್ಬರಾಗಿ ಹಾಡಿ ಮುಗಿಸುವವರೆಗೂ ಮಲಗಿರಬೇಕು. ಮೊದಲನೇ ತಾಲೀಮಿನಲ್ಲೇ, ಧರ್ಮರಾಯನ ಆಲಾಪದ ನಡುವೆ, ಭೀಷ್ಮರ ಕಾಲು ಮೇಲೆದ್ದು ಬೆಂಚಿನ ಅಂಚಿಗೆ ಪರಪರನೆ ಉಜ್ಜಿಕೊಂಡಿತು.

ನಾಟಕ ಕಲಿಸುತ್ತಿದ್ದ ಹುಚ್ಚರಂಗಯ್ಯ ಮೇಷ್ಟ್ರು ಹಾರ್ಮೋನಿಯಂ ನಿಲ್ಲಿಸಿದರು.

"ಭೀಮಣ್ಣ, ಬಾಣ ಚುಚ್ಚುದ್ರೆ ನೋವಾಯ್ತದೆ ಕಣಪ್ಪ, ನವೆ ಆಗಲ್ಲ. ಇನ್ನೊಂದ್ಸಲ ಕೆರ್ಕೊಂಡ್ರೆ ನೀನು ದ್ವಾರಪಾಲಕನೇ. ಬಾಗ್ಲಲ್ಲಿ ನಿಂತು ಎಷ್ಟು ಬೇಕಾದ್ರೂ ಕೆರ್ಕೋ."

ಅಂದೇ ಭೀಮರಾಜು ಮೇಲಿನ ಶಪಥ ಮಾಡಿದ್ದು. ಮರುದಿನವೇ ಇಸುಬಿಗೆ ಮದ್ದೆಂದು ತೆಂಗಿನ ಚಿಪ್ಪಿನ ಎಣ್ಣೆ ಇಳಿಸಲು ಕೂತ. ಹಳಬರ ಪದ್ಧತಿಯಲ್ಲಿ ಅದಕ್ಕೊಂದು ಮಡಕೆ ಸಾಕು. ಆದರೆ ಮೋಟರು ಬಿಚ್ಚಿ ಕಟ್ಟುವವನಿಗೆ ಮಡಕೆ ಹಿಡಿಸೀತೇ? ಹಳೆಯ ಪಂಪಿನ ಕವಚ, ಒಂದು ತುಂಡು ಪೈಪು ಸೇರಿಸಿ ಹಿತ್ತಲಲ್ಲಿ ಯಂತ್ರವನ್ನೇ ನಿರ್ಮಿಸಿದ. ಒಳಗೆ ಚಿಪ್ಪು ತುಂಬಿ, ಸುತ್ತ ತೆಂಗಿನ ಮಟ್ಟೆ ಒಟ್ಟಿ ಬೆಂಕಿ ಕೊಟ್ಟ.

ಪೈಪಿನಿಂದ ಎಣ್ಣೆ ತೊಟ್ಟಿಕ್ಕಿತು. ಅದಕ್ಕಿಂತ ಹೆಚ್ಚಾಗಿ ಹೊಗೆ ಎದ್ದಿತು. ಅದು ಹೆಂಚಿನ ಸಂದಿಯಿಂದ ಒಳಗೆ ಇಳಿದು, ಕೊಬ್ಬರಿಯಾಗಲೆಂದು ಅಟ್ಟದ ಮೇಲೆ ಹಾಕಿದ್ದ ಕಾಯಿಗಳ ನಡುವೆ ಸುತ್ತಿ, ಮುಂಬಾಗಿಲಿನಿಂದ ಬೀದಿಗೆ ಬಂತು.

"ನಿರ್ಮಲಮ್ಮನ ಅಟ್ಟಕ್ಕೆ ಬೆಂಕಿ ಬಿತ್ತು ಬನ್ರಪ್ಪೋ" ಎಂದು ಪಕ್ಕದ ಮನೆಯ ಸಿದ್ದಗಂಗಮ್ಮ ಕೂಗಿದಳು. ಕೂಗಿ ಸುಮ್ಮನಿರದೆ ಫೋನನ್ನೂ ಮಾಡಿದಳು. ತಿಪಟೂರಿನಿಂದ ಬೆಂಕಿ ಆರಿಸುವ ಗಾಡಿ ಗಂಟೆ ಬಾರಿಸಿಕೊಂಡು ಹೊರಟಿತು.

ಗಾಡಿಯವರು ಬಂದಾಗ ಭೀಮರಾಜು ಯಂತ್ರಕ್ಕೆ ಅಡ್ಡ ನಿಂತು, "ಇದು ಬೆಂಕಿಯಲ್ಲ ಸಾರ್, ಔಷ್ದಿ" ಎಂದ. ಔಷಧಿಯ ಮೇಲೂ ವೈದ್ಯನ ಮೇಲೂ ಒಟ್ಟಿಗೇ ನೀರು ಬಿತ್ತು. ಪಂಚೆ ಬೇಲಿಗೆ ಹಾರಿತು. ಚಡ್ಡಿಯಲ್ಲಿ ನಿಂತ ಭೀಷ್ಮ ಪಿತಾಮಹರ ಕೈಯಲ್ಲಿ ಮಾತ್ರ ಎಣ್ಣೆಯ ಲೋಟ ಹಾಗೇ ಇತ್ತು.

ಇಷ್ಟು ಕಷ್ಟಪಟ್ಟು ಉಳಿಸಿಕೊಂಡ ಎಣ್ಣೆ. ತೆಳ್ಳಗೆ ಹಚ್ಚಿ ತೃಪ್ತಿಪಡುವುದುಂಟೇ? ಇಡೀ ಲೋಟ ಬಳಿದುಕೊಂಡ. ಬೆಳಗಾಗುವಷ್ಟರಲ್ಲಿ ಕಾಲು ಬಾಳೆದಿಂಡಿನಂತೆ ಊದಿಕೊಂಡಿತ್ತು.

ನಿರ್ಮಲಾ ಸ್ಕೂಟರ್ ತೆಗೆದು, "ಹತ್ರಿ" ಎಂದಳು. ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಹಿಡಿದು, ಒಂದು ಕಾಲನ್ನು ಧ್ವಜದಂತೆ ಹೊರಗೆ ಚಾಚಿ, ಭೀಮರಾಜು ತಿಪಟೂರು ಸೇರಿದ.

ಚರ್ಮದ ಡಾಕ್ಟರಮ್ಮ ಮೂಗು ಮುಚ್ಚಿಕೊಂಡು ಕಾಲು ನೋಡಿದರು.

"ಏನೇನು ಹಚ್ಚಿದ್ದೀರಿ?"

"ಏನೂ ಇಲ್ಲ ಮೇಡಂ."

"ಮೆಡಿಕಲ್ ಸ್ಟೋರ್‌ನೋರು ಕೊಟ್ಟ ಮುಲಾಮೆಲ್ಲ ಹಚ್ಚವ್ರೆ, ನಿನ್ನೆ ಒಂದ್ಲೋಟ ಚಿಪ್ಪಿನೆಣ್ಣೇನೂ. ಬ್ಯಾಟ್ರಿ ನೀರೊಂದು ಬಾಕಿ" ಎಂದಳು ನಿರ್ಮಲಾ.

"ಬಿಸಿನೀರು ಸುರ್ಕೋತೀರಾ?"

"ಉಗುರುಬೆಚ್ಚಗೆ" ಎಂದ ಭೀಮರಾಜು.

"ಹಂಡೆ ಕೊತಕೊತ ಅನ್ಬೇಕು ಮೇಡಂ. ಅದನ್ನ ಕಾಲಿಗೆ ಹುಯ್ಕೊಂಡು ಸ್ವರ್ಗ ಕಂಡೋರಂಗೆ ಕಣ್ಮುಚ್ಚುತಾರೆ."

ಡಾಕ್ಟರಮ್ಮ ನಕ್ಕರು. "ಅದೇ ತೊಂದರೆ. ಬಿಸಿನೀರು ಆ ಗಳಿಗೆಗೆ ಹಿತ, ಆಮೇಲೆ ಚರ್ಮ ಒಣಗಿ ಎರಡರಷ್ಟು ನವೆ. ಕೆರೆದಷ್ಟೂ ಚರ್ಮ ದಪ್ಪ ಆಗುತ್ತೆ, ದಪ್ಪ ಆದಷ್ಟೂ ಕೆರೀಬೇಕು ಅನ್ಸುತ್ತೆ. ಇದು ಅಂಟುರೋಗ ಅಲ್ಲ, ಭಯ ಬೇಡ. ಮೊದಲು ಊತ ಇಳೀಲಿ. ಆಮೇಲೆ ನಾನು ಹೇಳಿದಷ್ಟು ದಿನ ಮಾತ್ರ ಮುಲಾಮು. ಸ್ನಾನ ಆದ ಕೂಡಲೇ ಈ ಕ್ರೀಮು, ದಿನಾ, ತಪ್ಪದೆ."

"ಇಷ್ಟೇನಾ?" ಎಂದ ಭೀಮರಾಜು. ಫೈರ್ ಎಂಜಿನ್ ತರಿಸಿದ ಕಾಯಿಲೆಗೆ ಇಷ್ಟು ಸಣ್ಣ ಮದ್ದು ಅವನಿಗೆ ಅವಮಾನವೆನಿಸಿತು.

ಆದರೂ ಹೆಂಡತಿಯ ಕಾವಲಿನಲ್ಲಿ ಎಲ್ಲವೂ ನಡೆಯಿತು. ಊತ ಇಳಿಯಿತು. ಆನೆಯ ಚರ್ಮ ಮೆಲ್ಲಮೆಲ್ಲನೆ ಮನುಷ್ಯರ ಚರ್ಮವಾಯಿತು. ಒಂದು ಬೆಳಿಗ್ಗೆ ಭೀಮರಾಜು ಜಗಲಿಯ ಮೇಲೆ ಕೂತು ಕಾಫಿ ಕುಡಿದು ಮುಗಿಸಿದ. ಎರಡೂ ಕೈ ಲೋಟದ ಮೇಲೇ ಇದ್ದವು. ಅದು ಗೊತ್ತಾದಾಗ ಅವನ ಕಣ್ಣು ಮಂಜಾಯಿತು.

"ಲೇ ನಿರ್ಮಲಾ, ಕಾಲು ಸುಮ್ಕೆ ಐತೆ ಕಣೇ."

"ನಿನ್ನೆ ರಾತ್ರೀನೂ ಸುಮ್ಕೆ ಇತ್ತು ಕಣ್ರೀ. ಕಾಯಿ ತುರಿಯೋ ಸದ್ದಿಲ್ದೆ ನಂಗೇ ಎಚ್ಚರ ಆಗೋಯ್ತು" ಎಂದಳು. ಅವಳ ದನಿಯೂ ಮೆತ್ತಗಾಗಿತ್ತು.

ಭಾನುವಾರ ಹಗಲು ತಿಪಟೂರಿನಲ್ಲಿ ನಾಟಕ. ಮುಂದಿನ ಸಾಲಿನಲ್ಲಿ ನಿರ್ಮಲಾ, ಅವಳ ಹಿಂದೆ ಅರ್ಧ ಹೊನ್ನವಳ್ಳಿ. ಬಿಳಿ ಗಡ್ಡದ ಭೀಮರಾಜು ಶರಶಯ್ಯೆಯ ಮೇಲೆ ಮಲಗಿದ. ಧರ್ಮರಾಯ ಹಾಡಿದ, ಕಾಲು ಅಲುಗಲಿಲ್ಲ. ಜನ 'ಒನ್ಸ್ ಮೋರ್' ಎಂದರು, ಧರ್ಮರಾಯ ಮತ್ತೆ ಹಾಡಿದ. ಆಗಲೂ ಬೆರಳು ಮಿಸುಕಲಿಲ್ಲ. ಹುಚ್ಚರಂಗಯ್ಯ ಮೇಷ್ಟ್ರು ಹಾರ್ಮೋನಿಯಂ ಮೇಲಿಂದಲೇ ಮೆಚ್ಚಿ ತಲೆದೂಗಿದರು.

ನೆತ್ತಿಯ ಮೇಲೆ ಫ್ಯಾನು ತಂಪಾಗಿ ಬೀಸುತ್ತಿತ್ತು. ಎಷ್ಟೋ ವರ್ಷಗಳಿಂದ ಬಾಕಿಯಿದ್ದ ನಿದ್ದೆಯೆಲ್ಲ ಒಟ್ಟಾಗಿ ಬಂದು ಪಿತಾಮಹರನ್ನು ಅಪ್ಪಿಕೊಂಡಿತು. ತಲೆಯ ಬಳಿ ಇಳಿಬಿಟ್ಟಿದ್ದ ಮೈಕಿನಿಂದ ಸಭೆಗೆಲ್ಲ ಗೊರಕೆ ಕೇಳಿಸಿತು.

"ಆಹಾ, ಪ್ರಾಣ ಹೋಗೋ ಸಂಕ್ಟಾನ ಹೆಂಗೆ ತೋರುಸ್ತಾನೆ ನೋಡ್ಲಾ" ಎಂದು ಮುದುಕರೊಬ್ಬರು ಕಣ್ಣೊರೆಸಿಕೊಂಡರು. ಸಭೆ ಚಪ್ಪಾಳೆ ತಟ್ಟಿತು.

ಈಗ ಭೀಷ್ಮ ನೀರು ಕೇಳಬೇಕು. ಕೇಳಲಿಲ್ಲ. ಮೇಷ್ಟ್ರು ಶ್ರುತಿ ಎತ್ತಿ ಕೊಟ್ಟರು, ಕೃಷ್ಣ ಕೆಮ್ಮಿದ. ಕೊನೆಗೆ ಅರ್ಜುನ ತಾನೇ, "ತಾತಾ, ಬಾಯಾರಿತೇ?" ಎಂದು ನೆಲಕ್ಕೆ ಬಾಣ ಬಿಟ್ಟ. ಪರದೆಯ ಹಿಂದಿನಿಂದ ಪೈಪಿನಲ್ಲಿ ಚಿಮ್ಮಿದ ಗಂಗೆ ನೇರವಾಗಿ ಮುಖಕ್ಕೆ ಬಿತ್ತು.

ಭೀಷ್ಮ ಕಣ್ಣು ತೆರೆಯದೆ, ಮೈಕಿಗೆ ಸ್ಪಷ್ಟವಾಗಿ ಹೇಳಿದ: "ನಿರ್ಮಲಾ, ಇನ್ನೊಂದು ಗಳಿಗೆ ಮಲಗ್ತೀನಿ ಬುಡೇ."

ಮುಂದಿನ ಸಾಲಿನಲ್ಲಿ ನಿರ್ಮಲಾ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಹುಚ್ಚರಂಗಯ್ಯ ಮೇಷ್ಟ್ರು ಹಾರ್ಮೋನಿಯಂನಿಂದ ಕೈ ತೆಗೆದು, ಮೈಕು ಹತ್ತಿರಕ್ಕೆ ಎಳೆದುಕೊಂಡರು.

"ಮಹಾಜನಗಳೇ, ಆಜನ್ಮ ಬ್ರಹ್ಮಚಾರಿ ಭೀಷ್ಮರಿಗೂ ಸಂಸಾರ ಇತ್ತು ಅನ್ನೋದು ನಮ್ಗೂ ಈಗ್ಲೇ ಗೊತ್ತಾಗಿದ್ದು."